ಸಂಪರ್ಕ ಪತ್ತೆಯ ಆ್ಯಪ್‌ಗಳು ಮತ್ತು ಫೋನಿನ ಅನುಮತಿಗಳು: ನಮ್ಮ ಮಾಹಿತಿ ಯಾರ ಕೈ ಸೇರಿತು?

ಪ್ರಶ್ನೆ

ಕೋವಿಡ್ ಹರಡುತ್ತಿದ್ದ 2020ರಲ್ಲಿ ನನ್ನ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೋಂಕಿತರ ಸಂಪರ್ಕದ ಬಗ್ಗೆ ಎಚ್ಚರಿಸುವ ಹೊಸ ಆಯ್ಕೆಯೊಂದು ತಾನಾಗಿಯೇ ಬಂದು ಸೇರಿಕೊಂಡಿತ್ತು. ಅದನ್ನು ನಾನು ಹಾಕಿಕೊಂಡಿರಲಿಲ್ಲ, ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ. ಆಮೇಲೆ ಸಂಪರ್ಕ ಪತ್ತೆಯ ಆ್ಯಪ್ ಒಂದನ್ನು ಹಾಕಿಕೊಳ್ಳಲೇಬೇಕಾದ ಸಂದರ್ಭ ಬಂತು. ಅದು ಬ್ಲೂಟೂತ್ ಜೊತೆಗೆ ಲೊಕೇಶನ್ ಅನುಮತಿಯನ್ನೂ ಕೇಳಿತು. ಹೆಸರು, ಮೊಬೈಲ್ ಸಂಖ್ಯೆ, ವಯಸ್ಸು, ಆರೋಗ್ಯದ ಸ್ಥಿತಿ ಎಲ್ಲವನ್ನೂ ತುಂಬಿಸಿಕೊಂಡಿತು. ರೋಗದ ಭೀತಿ ಕಳೆದರೂ ಆ ಆ್ಯಪ್ ಇನ್ನೂ ನನ್ನ ಫೋನಿನಲ್ಲೇ ಇದೆ.

ನನ್ನನ್ನು ಕಾಡುವುದು ಮೂರು ವಿಷಯಗಳು. ಸೆಟ್ಟಿಂಗ್ಸ್‌ನಲ್ಲಿ ಕಾಣಿಸಿಕೊಂಡ ಆ ಆಯ್ಕೆ ನನಗೆ ತಿಳಿಯದಂತೆ ನನ್ನ ಓಡಾಟವನ್ನು ದಾಖಲಿಸುತ್ತಿತ್ತೇ? ಬ್ಲೂಟೂತ್ ಮೂಲಕ ಕೆಲಸ ಮಾಡುವ ವ್ಯವಸ್ಥೆಗೆ ನಾನಿರುವ ಸ್ಥಳ ಏಕೆ ಬೇಕಾಗಿತ್ತು? ಈಗ ಆ್ಯಪ್ ಅನ್ನು ಅಳಿಸಿದರೆ ಅಂದು ಕೊಟ್ಟ ಮಾಹಿತಿಯೂ ಅಳಿಯುತ್ತದೆಯೇ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಸೆಟ್ಟಿಂಗ್ಸ್‌ನಲ್ಲಿ ಬಂದ ಆಯ್ಕೆ ಮತ್ತು ನೀವು ಹಾಕಿಕೊಂಡ ಆ್ಯಪ್ ಎರಡೂ ಬೇರೆ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಆ ದಿನಗಳಲ್ಲಿ ಬಹಳಷ್ಟು ಆತಂಕ ಹುಟ್ಟಿತು.

ಸೆಟ್ಟಿಂಗ್ಸ್‌ನಲ್ಲಿ ಕಂಡದ್ದು ಆಪಲ್ ಮತ್ತು ಗೂಗಲ್ ಕಂಪನಿಗಳು 2020ರ ಏಪ್ರಿಲ್ 10ರಂದು ಜಂಟಿಯಾಗಿ ಪ್ರಕಟಿಸಿ, ಮೇ 20ರಂದು ಬಿಡುಗಡೆ ಮಾಡಿದ ವ್ಯವಸ್ಥೆ. ಐಫೋನ್‌ಗಳಿಗೆ ಅದು ಐಒಎಸ್ 13.5ರ ಜೊತೆಗೆ ಬಂತು. ಆಂಡ್ರಾಯ್ಡ್ ಫೋನ್‌ಗಳಿಗೆ ಗೂಗಲ್ ಪ್ಲೇ ಸರ್ವಿಸಸ್ (ಫೋನಿನ ಹಿನ್ನೆಲೆಯಲ್ಲಿ ನಡೆಯುವ ಗೂಗಲ್‌ನ ತಂತ್ರಾಂಶ) ಮೂಲಕ, ಬಳಕೆದಾರರ ಗಮನಕ್ಕೇ ಬಾರದ ರೀತಿಯಲ್ಲಿ ತಲುಪಿತು. ಆರೋಗ್ಯ ಇಲಾಖೆಯೊಂದು ಇದನ್ನು ಬಳಸುವ ಆ್ಯಪ್ ಸಿದ್ಧಪಡಿಸಿ, ನೀವು ಅದನ್ನು ಹಾಕಿಕೊಂಡು, ಒಪ್ಪಿಗೆ ಕೊಟ್ಟ ಮೇಲಷ್ಟೇ ಅದು ಕೆಲಸ ಆರಂಭಿಸುತ್ತಿತ್ತು. ಅಲ್ಲಿಯವರೆಗೆ ಅದು ಏನನ್ನೂ ದಾಖಲಿಸುತ್ತಿರಲಿಲ್ಲ.

ಒಪ್ಪಿಗೆ ಕೊಟ್ಟ ಮೇಲೆ ನಡೆಯುತ್ತಿದ್ದುದನ್ನೂ ಹೇಳುತ್ತೇನೆ. ಫೋನು ಪ್ರತಿದಿನ ಒಂದು ಹೊಸ ಗುಪ್ತ ಕೀಲಿಯನ್ನು ತಯಾರಿಸಿ, ಅದರಿಂದ ಹುಟ್ಟಿಸಿದ ಅಂಕೆಗಳ ಸಂಕೇತವನ್ನು ಬ್ಲೂಟೂತ್‌ನಲ್ಲಿ ಸುತ್ತಮುತ್ತ ಪ್ರಸಾರ ಮಾಡುತ್ತಿತ್ತು. ಈ ಸಂಕೇತ 10ರಿಂದ 20 ನಿಮಿಷಗಳಿಗೊಮ್ಮೆ ಬದಲಾಗುತ್ತಿದ್ದುದರಿಂದ, ಯಾರಾದರೂ ಅದನ್ನು ಹಿಡಿದಿಟ್ಟುಕೊಂಡರೂ ಒಬ್ಬರ ಓಡಾಟವನ್ನು ಬೆನ್ನುಹತ್ತುವುದು ಕಷ್ಟವಾಗಿತ್ತು. ಹತ್ತಿರ ಬಂದ ಫೋನ್‌ಗಳು ಪರಸ್ಪರರ ಸಂಕೇತಗಳನ್ನು ತಮ್ಮಲ್ಲೇ 14 ದಿನ ಇಟ್ಟುಕೊಳ್ಳುತ್ತಿದ್ದವು. ಒಬ್ಬರಿಗೆ ಸೋಂಕು ದೃಢಪಟ್ಟರೆ, ಅವರು ಒಪ್ಪಿದಲ್ಲಿ ಮಾತ್ರ ಅವರ ಆ ದಿನಗಳ ಕೀಲಿಗಳು ಸರ್ವರ್‌ಗೆ ಹೋಗುತ್ತಿದ್ದವು. ಉಳಿದವರ ಫೋನ್‌ಗಳು ಆ ಪಟ್ಟಿಯನ್ನು ಇಳಿಸಿಕೊಂಡು ತಮ್ಮೊಳಗೇ ತಾಳೆ ನೋಡುತ್ತಿದ್ದವು. ಯಾರು ಯಾರನ್ನು ಭೇಟಿಯಾದರು ಎಂಬುದು ಸರ್ವರ್‌ಗೆ ತಿಳಿಯುವ ಅಗತ್ಯವೇ ಇರಲಿಲ್ಲ.

ಈ ವ್ಯವಸ್ಥೆಯನ್ನು ಬಳಸುವ ಆ್ಯಪ್‌ಗಳು ಲೊಕೇಶನ್ ಅನುಮತಿ ಕೇಳಲೇಬಾರದು ಎಂಬ ನಿಯಮವಿತ್ತು. ಅದು ಕಾಗದದ ಮೇಲಷ್ಟೇ ಉಳಿದ ನಿಯಮವಾಗಿರಲಿಲ್ಲ. 2021ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಆ್ಯಪ್‌ನ ಹೊಸ ಆವೃತ್ತಿಯು, ಸೋಂಕಿತರು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಭೇಟಿ ಕೊಟ್ಟ ಜಾಗಗಳ ಪಟ್ಟಿಯನ್ನು ಅಪ್‌ಲೋಡ್ ಮಾಡಿಸಿಕೊಳ್ಳಲು ಹೊರಟಾಗ ಎರಡೂ ಕಂಪನಿಗಳು ಅದನ್ನು ತಡೆದವು.

ಆದ್ದರಿಂದ, ಹೆಸರು, ಮೊಬೈಲ್ ಸಂಖ್ಯೆ ಮತ್ತು ಲೊಕೇಶನ್ ಮೂರನ್ನೂ ಕೇಳಿದ ನಿಮ್ಮ ಆ್ಯಪ್ ಈ ವ್ಯವಸ್ಥೆಗೆ ಸೇರಿದ್ದಲ್ಲ ಎಂದೇ ತೋರುತ್ತದೆ. ಅದು ಎಲ್ಲರ ಮಾಹಿತಿಯನ್ನೂ ಒಂದೇ ಸರ್ವರ್‌ನಲ್ಲಿ ಕೂಡಿಡುವ ಬಗೆಯದ್ದಾಗಿರಬೇಕು. ನೀವು ಅನುಮಾನದಿಂದ ನೋಡಬೇಕಾದದ್ದು ಅದನ್ನೇ ಹೊರತು ಸೆಟ್ಟಿಂಗ್ಸ್‌ನ ಆ ಸಾಲನ್ನಲ್ಲ.

ಎರಡನೆಯ ಉತ್ತರ

ಮೇಲಿನವರು ವಿವರಿಸಿದ ತಂತ್ರದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸೆಟ್ಟಿಂಗ್ಸ್‌ನ ಆಯ್ಕೆಯ ಬಗ್ಗೆ ಚಿಂತಿಸಬೇಕಾಗಿಲ್ಲ ಎಂಬ ತೀರ್ಮಾನವನ್ನು ಪೂರ್ಣವಾಗಿ ಒಪ್ಪಲಾರೆ.

ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಯುರೋಪಿನ ಇಂತಹ ಆ್ಯಪ್‌ಗಳು ಫೋನಿನಿಂದ ಹೊರಗೆ ಏನೇನು ಕಳುಹಿಸುತ್ತವೆ ಎಂದು ಪರೀಕ್ಷಿಸಿದರು. ಆರೋಗ್ಯ ಇಲಾಖೆಗಳ ಆ್ಯಪ್‌ಗಳು ಖಾಸಗಿತನದ ವಿಷಯದಲ್ಲಿ ಬಹುಮಟ್ಟಿಗೆ ಸರಿಯಾಗಿಯೇ ನಡೆದುಕೊಂಡಿದ್ದವು. ಆದರೆ ಆಂಡ್ರಾಯ್ಡ್‌ನಲ್ಲಿ ಅವುಗಳಿಗೆ ಆಧಾರವಾಗಿದ್ದ ಗೂಗಲ್ ಪ್ಲೇ ಸರ್ವಿಸಸ್ ಸುಮಾರು 20 ನಿಮಿಷಗಳಿಗೊಮ್ಮೆ ಗೂಗಲ್ ಸರ್ವರ್‌ಗಳನ್ನು ಸಂಪರ್ಕಿಸುತ್ತಿತ್ತು. ಫೋನಿನ ಐಎಂಇಐ (ಪ್ರತಿ ಫೋನಿಗೂ ಇರುವ ವಿಶಿಷ್ಟ ಗುರುತಿನ ಸಂಖ್ಯೆ), ಸಿಮ್‌ನ ಕ್ರಮಸಂಖ್ಯೆ, ಮೊಬೈಲ್ ಸಂಖ್ಯೆ, ಇಮೇಲ್ ವಿಳಾಸದಂಥ ವಿವರಗಳೂ ಅಲ್ಲಿಗೆ ಹೋಗುತ್ತಿದ್ದವು. ಸಂಪರ್ಕ ಪತ್ತೆಯನ್ನು ಬಳಸಬೇಕೆಂದರೆ ಪ್ಲೇ ಸರ್ವಿಸಸ್ ಚಾಲನೆಯಲ್ಲಿ ಇರಲೇಬೇಕಾಗಿತ್ತು. ಮೇಲಿನ ಅಂತಸ್ತನ್ನು ಎಷ್ಟೇ ಶುದ್ಧವಾಗಿ ಕಟ್ಟಿದರೂ ಅದು ನಿಂತ ತಳಪಾಯದ ಲೆಕ್ಕವನ್ನೂ ಕೇಳಬೇಕಲ್ಲವೇ?

ಒಪ್ಪಿಗೆಯ ಪ್ರಶ್ನೆಯೂ ಚಿಕ್ಕದಲ್ಲ. 2021ರ ಜೂನ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಂಪರ್ಕ ಎಚ್ಚರಿಕೆಯ ಆ್ಯಪ್, ಹಾಕಿಕೊಳ್ಳದವರ ಆಂಡ್ರಾಯ್ಡ್ ಫೋನ್‌ಗಳಲ್ಲೂ ಪ್ರತ್ಯಕ್ಷವಾಯಿತು. ಬಳಕೆದಾರರು ತಾವಾಗಿ ಚಾಲೂ ಮಾಡುವವರೆಗೆ ಅದು ಕೆಲಸ ಮಾಡುವುದಿಲ್ಲ ಎಂಬ ಸಮಜಾಯಿಷಿ ಬಂತು. ಅದು ನಿಜವೇ ಇರಬಹುದು. ಆದರೂ ಕೇಳದೆ ಒಳಗೆ ಬಂದ ವಸ್ತುವಿನ ಮೇಲೆ ಜನ ವಿಶ್ವಾಸವಿಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಸಾರ್ವಜನಿಕ ಆರೋಗ್ಯದ ಕೆಲಸ ನಿಲ್ಲುವುದೇ ಜನರ ವಿಶ್ವಾಸದ ಮೇಲೆ.

ಇನ್ನು ಹೀಗೆ ಒಂದೆಡೆ ಕೂಡಿಟ್ಟ ಮಾಹಿತಿಯ ಗತಿ. ಸಿಂಗಪುರವು 2020ರ ಮಾರ್ಚ್‌ನಲ್ಲಿ ಟ್ರೇಸ್‌ಟುಗೆದರ್ ಆ್ಯಪ್ ಹೊರತಂದಾಗ, ಮಾಹಿತಿಯನ್ನು ಸಂಪರ್ಕ ಪತ್ತೆಗೆ ಮಾತ್ರ ಬಳಸಲಾಗುವುದೆಂದು ಸರ್ಕಾರ ಭರವಸೆ ಕೊಟ್ಟಿತ್ತು. 2021ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನಲ್ಲಿ, ಅಪರಾಧ ತನಿಖೆಗಾಗಿ ಪೊಲೀಸರು ಅದನ್ನು ಪಡೆಯಬಹುದು ಎಂಬ ಸಂಗತಿ ಹೊರಬಿತ್ತು. ಕೊಲೆ ಪ್ರಕರಣವೊಂದರಲ್ಲಿ ಅದನ್ನು ಬಳಸಿಯೂ ಆಗಿತ್ತು. ಘೋರ ಅಪರಾಧಗಳಿಗಷ್ಟೇ ಸೀಮಿತಗೊಳಿಸುವ ಕಾನೂನು ಬಂದದ್ದು ಆ ಬಳಿಕ. ಜರ್ಮನಿಯ ಮೈನ್ಸ್ ನಗರದಲ್ಲಿ, ಹೋಟೆಲುಗಳಿಗೆ ಬಂದುಹೋದವರ ವಿವರವನ್ನು ದಾಖಲಿಸುತ್ತಿದ್ದ ಲೂಕಾ ಆ್ಯಪ್‌ನಿಂದ 21 ಮಂದಿಯ ಮಾಹಿತಿಯನ್ನು ಪೊಲೀಸರು ಕಾನೂನಿನ ಆಧಾರವಿಲ್ಲದೆ, ಆರೋಗ್ಯ ಇಲಾಖೆಯ ಮೂಲಕವೇ ಪಡೆದುಕೊಂಡದ್ದು 2022ರ ಜನವರಿಯಲ್ಲಿ ಬಯಲಾಯಿತು. ಅಲ್ಲಿ ಮಾಹಿತಿ ಗೂಢಲಿಪಿಯಲ್ಲೇ ಇತ್ತು. ಅದನ್ನು ಬಿಡಿಸುವ ಅಧಿಕಾರ ಯಾರಲ್ಲಿತ್ತೋ ಅವರೇ ಬಿಡಿಸಿಕೊಟ್ಟರು.

ನಾರ್ವೆ ಬೇರೆ ದಾರಿ ಹಿಡಿಯಿತು. ಅಲ್ಲಿನ ಮೊದಲ ಆ್ಯಪ್ ಬ್ಲೂಟೂತ್ ಮತ್ತು ಜಿಪಿಎಸ್ ಎರಡನ್ನೂ ಬಳಸಿ ಮಾಹಿತಿಯನ್ನು ಒಂದೆಡೆ ಸೇರಿಸುತ್ತಿತ್ತು. ದತ್ತಾಂಶ ರಕ್ಷಣಾ ಪ್ರಾಧಿಕಾರ ಆಕ್ಷೇಪ ಎತ್ತಿದ ಮೇಲೆ 2020ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿ, ಸಂಗ್ರಹಿಸಿದ್ದನ್ನೆಲ್ಲ ಅಳಿಸಿ, ವರ್ಷಾಂತ್ಯದಲ್ಲಿ ಫೋನಿನಲ್ಲೇ ತಾಳೆ ನೋಡುವ ಹೊಸ ಆ್ಯಪ್ ತಂದರು. ಪ್ರಶ್ನಿಸುವ ಅಧಿಕಾರವುಳ್ಳ ಸಂಸ್ಥೆಯೊಂದು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಎರಡು ವಸ್ತುಗಳು ಬೇರೆ ಎಂಬುದು ಈಗ ತಿಳಿಯಿತು. ಆದರೆ ಲೊಕೇಶನ್ ಬಗೆಗಿನ ಗೊಂದಲ ಹಾಗೆಯೇ ಉಳಿದಿದೆ. ಲೊಕೇಶನ್ ಕೇಳುವಂತಿಲ್ಲ ಎಂಬ ನಿಯಮವಿದ್ದರೂ, ಆ ಸೆಟ್ಟಿಂಗ್ಸ್ ಆಯ್ಕೆ ಕೆಲಸ ಮಾಡಬೇಕಾದರೆ ಲೊಕೇಶನ್ ಆನ್ ಇರಬೇಕು ಎಂಬ ಸೂಚನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂರನೆಯ ಉತ್ತರ

ನೀವು ಕಂಡದ್ದು ಸರಿ. ಅದರ ಮೂಲ ಆಂಡ್ರಾಯ್ಡ್‌ನ ಹಳೆಯ ನಿಯಮವೊಂದರಲ್ಲಿದೆ.

ಕಟ್ಟಡಗಳಲ್ಲಿ ಒಂದೇ ಜಾಗದಲ್ಲಿ ಕೂರಿಸಿದ ಬ್ಲೂಟೂತ್ ಸಾಧನಗಳಿರುತ್ತವೆ. ನಿಮ್ಮ ಫೋನು ಅವುಗಳ ಸಂಕೇತವನ್ನು ಹಿಡಿಯಿತೆಂದರೆ, ಜಿಪಿಎಸ್ ಇಲ್ಲದೆಯೂ ನೀವು ಎಲ್ಲಿದ್ದೀರಿ ಎಂದು ಆ್ಯಪ್ ಊಹಿಸಬಲ್ಲದು. ಈ ಕಾರಣದಿಂದ 2015ರ ಆಂಡ್ರಾಯ್ಡ್ 6ರಿಂದ, ಸುತ್ತಲಿನ ಬ್ಲೂಟೂತ್ ಸಾಧನಗಳನ್ನು ಹುಡುಕುವ ಆ್ಯಪ್‌ಗಳು ಲೊಕೇಶನ್ ಅನುಮತಿಯನ್ನೂ ಪಡೆಯಬೇಕೆಂದು ವಿಧಿಸಲಾಯಿತು. ಉದ್ದೇಶ ಬಳಕೆದಾರರನ್ನು ಎಚ್ಚರಿಸುವುದೇ ಆಗಿತ್ತು. ಆದರೆ ಸಂಪರ್ಕ ಪತ್ತೆಯ ಸಮಯದಲ್ಲಿ ಅದು ತಿರುವುಮುರುವಾಯಿತು: ಆಪಲ್–ಗೂಗಲ್ ವ್ಯವಸ್ಥೆ ನಿಮ್ಮ ಸ್ಥಳವನ್ನು ಬಳಸದಿದ್ದರೂ, ಆಂಡ್ರಾಯ್ಡ್ 10ರವರೆಗಿನ ಫೋನ್‌ಗಳಲ್ಲಿ ಲೊಕೇಶನ್ ಆನ್ ಇಡದೆ ಅದು ನಡೆಯುತ್ತಿರಲಿಲ್ಲ. ಆಂಡ್ರಾಯ್ಡ್ 11ರಲ್ಲಿ ಅದಕ್ಕೆ ಈ ಕಡ್ಡಾಯವನ್ನು ತೆಗೆದರು.

ಇದರಿಂದಾದ ನಿಜವಾದ ಹಾನಿಯ ಬಗ್ಗೆ ಆಗ ಹೆಚ್ಚು ಚರ್ಚೆ ಆಗಲಿಲ್ಲ ಎಂದು ನನಗನಿಸುತ್ತದೆ. ಇಡೀ ಫೋನಿನ ಲೊಕೇಶನ್ ಅನ್ನು ಸದಾ ಆಫ್ ಇಡುತ್ತಿದ್ದವರು ಆರೋಗ್ಯದ ಕಾಳಜಿಯಿಂದ ಅದನ್ನು ಆನ್ ಮಾಡಿದರು. ಹಿಂದೆಂದೋ ಲೊಕೇಶನ್ ಅನುಮತಿ ಪಡೆದಿದ್ದ ಬೇರೆ ಆ್ಯಪ್‌ಗಳಿಗೂ ಅದರಿಂದ ಬಾಗಿಲು ತೆರೆಯಿತು. ಸೋಂಕಿನ ಎಚ್ಚರಿಕೆಗಾಗಿ ಕೊಟ್ಟ ಒಪ್ಪಿಗೆಯ ಲಾಭ ಸಂಬಂಧವೇ ಇಲ್ಲದವರಿಗೆ ಸಿಕ್ಕಿತು. 2021ರ ಆಂಡ್ರಾಯ್ಡ್ 12ರಲ್ಲಿ ಹತ್ತಿರದ ಸಾಧನಗಳಿಗೆಂದೇ ಪ್ರತ್ಯೇಕ ಅನುಮತಿ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು. ಐಫೋನ್‌ಗಳಲ್ಲಿ ಬ್ಲೂಟೂತ್ ಬಳಕೆಗೆ ಬೇರೆಯೇ ಅನುಮತಿ ಐಒಎಸ್ 13ರಿಂದಲೂ ಇದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಆ್ಯಪ್ ಅನ್ನು ಅಳಿಸಿದರೆ ಫೋನಿನಲ್ಲಿರುವ ಮಾಹಿತಿ ಮಾತ್ರ ಹೋಗುತ್ತದೆ. ಅನುಮತಿ ಹಿಂತೆಗೆದುಕೊಂಡರೆ ಮುಂದಿನ ಸಂಗ್ರಹ ಮಾತ್ರ ನಿಲ್ಲುತ್ತದೆ. ಹೆಸರು, ಮೊಬೈಲ್ ಸಂಖ್ಯೆ ಕೊಟ್ಟು ನೋಂದಾಯಿಸಿಕೊಂಡಿದ್ದರೆ ಅವು ಸರ್ವರ್‌ನಲ್ಲಿ ಉಳಿದಿರಬಹುದು. ಆದ್ದರಿಂದ ಮೊದಲು ಆ್ಯಪ್ ತೆರೆದು ಖಾತೆಯನ್ನು ಅಳಿಸುವ ಆಯ್ಕೆ ಇದೆಯೇ ನೋಡಿ. ಇದ್ದರೆ ಅದನ್ನು ಬಳಸಿ, ಆಮೇಲೆ ಆ್ಯಪ್ ತೆಗೆಯಿರಿ. ಇಲ್ಲದಿದ್ದರೆ ಆ್ಯಪ್‌ನ ಗೌಪ್ಯತಾ ನೀತಿಯಲ್ಲಿ ಕೊಟ್ಟಿರುವ ವಿಳಾಸಕ್ಕೆ ಅಳಿಸುವಂತೆ ಲಿಖಿತವಾಗಿ ಕೇಳಿ, ಪ್ರತಿಯನ್ನು ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿದ್ದ ವ್ಯವಸ್ಥೆಯ ಸಂಕೇತಗಳು 14 ದಿನಗಳಲ್ಲಿ ತಾವೇ ಅಳಿಯುತ್ತಿದ್ದವು, ಅದಕ್ಕೆ ಬೇರೇನೂ ಮಾಡಬೇಕಾಗಿಲ್ಲ.

ನಾಲ್ಕನೆಯ ಉತ್ತರ

ಮೇಲಿನ ಸಲಹೆಗೆ ಒಂದು ಸೇರ್ಪಡೆ. ಸಂಪರ್ಕ ಪತ್ತೆ ನಿಂತ ಮೇಲೂ ಕೆಲವು ಆ್ಯಪ್‌ಗಳು ಮುಚ್ಚಿಹೋಗದೆ, ಅದೇ ಹೆಸರಿನಲ್ಲಿ ಬೇರೆ ಆರೋಗ್ಯ ಸೇವೆಗಳಿಗೆ ತಿರುಗಿವೆ. ಅಂದು ಕೊಟ್ಟ ಅನುಮತಿಗಳನ್ನೇ ಅವು ಇಂದಿಗೂ ಹೊಂದಿರಬಹುದು. ಹಾಗಾಗಿ ಆ್ಯಪ್ ಉಳಿಸಿಕೊಳ್ಳುವುದಾದರೂ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಮತ್ತು ಬ್ಲೂಟೂತ್ ಅನುಮತಿಗಳನ್ನು ಹಿಂತೆಗೆದುಕೊಳ್ಳಿ. ಈಗಿನ ಸೇವೆಗೆ ಅವು ನಿಜಕ್ಕೂ ಬೇಕಾದರೆ ಅದು ಮತ್ತೆ ಕೇಳುತ್ತದೆ, ಆಗ ಯೋಚಿಸಿ ಕೊಡಬಹುದು. ಹಳೆಯ ಫೋನಿನಿಂದ ಹೊಸದಕ್ಕೆ ಎಲ್ಲವನ್ನೂ ವರ್ಗಾಯಿಸುವಾಗ ಇಂತಹ ಆ್ಯಪ್‌ಗಳು ಜೊತೆಯಲ್ಲೇ ಬಂದುಬಿಡುತ್ತವೆ, ಅದನ್ನೂ ಗಮನಿಸಿ.

ಲಿಖಿತವಾಗಿ ಕೇಳುವಾಗ ಮಾಹಿತಿ ಅಳಿಸಿದ್ದೀರಾ ಎಂದಷ್ಟೇ ಕೇಳಿದರೆ ಹೌದು ಎಂಬ ಒಂದು ಪದದ ಉತ್ತರ ಬರಬಹುದು. ಯಾವ ಯಾವ ಇಲಾಖೆ ಅಥವಾ ಸಂಸ್ಥೆಯೊಂದಿಗೆ ನನ್ನ ಮಾಹಿತಿಯನ್ನು ಹಂಚಿಕೊಂಡಿರಿ, ಅವರ ಬಳಿಯಿದ್ದ ಪ್ರತಿಗಳೂ ಅಳಿದಿವೆಯೇ ಎಂದು ಬಿಡಿಸಿ ಕೇಳಿ.