ಪದಚರ್ಚೆ: ‘ಸುರಕ್ಷಿತ’ ಅನ್ನುವುದಕ್ಕೆ ನಮ್ಮ ಮಾತಿನಲ್ಲಿ ಏನು? ‘ನಿವಾಂತ’ ಆದೀತೇ?

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ವಾಕ್ಯದ ಕನ್ನಡ ಮೂರು ವಾರದಿಂದ ನನಗೆ ಬಗೆಹರಿದಿಲ್ಲ. ವಿಜಯಪುರ ಜಿಲ್ಲೆಯ ಸ್ತ್ರೀಶಕ್ತಿ ಸಂಘಗಳ ಹೆಣ್ಮಕ್ಕಳ ಜೊತೆ ಕೂತು ಮಾತಾಡಲೆಂದು ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಹೀಗೊಂದು ಪ್ರಶ್ನೆ: ನೀವಿರುವ ಊರಿನಲ್ಲಿ ರಾತ್ರಿ ಒಬ್ಬರೇ ನಡೆದು ಹೋಗುವಾಗ ಸುರಕ್ಷಿತ ಅನಿಸುತ್ತದೆಯೇ? ಹೌದು ಅಥವಾ ಇಲ್ಲ.

ಪ್ರಶ್ನೆ ಸಣ್ಣದು, ಅದು ಹೊತ್ತಿರುವ ಭಾರ ದೊಡ್ಡದು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಒಂದು ಕೇಂದ್ರ ಮತ್ತು ಓಸ್ಲೋದ ಶಾಂತಿ ಸಂಶೋಧನಾ ಸಂಸ್ಥೆ ಸೇರಿ 2017ರಿಂದ ‘ಮಹಿಳೆ, ಶಾಂತಿ ಮತ್ತು ಭದ್ರತೆ ಸೂಚ್ಯಂಕ’ ತರುತ್ತಿವೆ. ಗ್ಯಾಲಪ್ ಸಮೀಕ್ಷೆಯವರು ದೇಶದೇಶಗಳಲ್ಲಿ ಇದೇ ಪ್ರಶ್ನೆ ಕೇಳಿ ಪಡೆದ ಉತ್ತರ ಆ ಸೂಚ್ಯಂಕದ ಒಂದು ಅಳತೆ. 2023ರ ಪಟ್ಟಿಯಲ್ಲಿ 177 ದೇಶಗಳಿದ್ದವು. ಡೆನ್ಮಾರ್ಕ್ ಮೊದಲು, ಅಫ್ಘಾನಿಸ್ತಾನ ಕೊನೆ, ಭಾರತ 128ನೆಯದು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 16ನೆಯದರ ಕೆಳಗೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಇದೆ. ಅಂದರೆ ಡೆನ್ಮಾರ್ಕಿನ ಹೆಣ್ಣುಮಗಳ ‘ಹೌದು’ ಮತ್ತು ಇಂಡಿ ತಾಲ್ಲೂಕಿನ ಹೆಣ್ಣುಮಗಳ ‘ಹೌದು’ ಒಂದೇ ತಕ್ಕಡಿಯಲ್ಲಿ ಕೂರಬೇಕು. ಪದ ತಪ್ಪಿದರೆ ತಕ್ಕಡಿಯೇ ತಪ್ಪಿತು.

ಇಂಡಿ ಕಡೆಯ ಒಂದು ಊರಲ್ಲಿ ಗುಡಿಕಟ್ಟೆಯ ಮೇಲೆ ಮೊದಲ ಸಲ ಕೇಳಿ ನೋಡಿದೆ. ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಐವತ್ತರ ಆಸುಪಾಸಿನ ಹೆಣ್ಣುಮಗಳು ಕೈ ನಿಲ್ಲಿಸದೆಯೇ ಅಂದಳು: “ಸುರಕ್ಷಿತ ಐತ್ರಿ. ರಾತ್ರಿ ನಾ ಯಾಕ ಹೊರಗ ಹೋಗ್ಲಿ? ಹೋದ್ರಲ್ಲ ಅಂಜಿಕಿ!” ಬರೆದುಕೊಳ್ಳುವವರು ‘ಹೌದು’ಗೆ ಗುರುತು ಹಾಕಿಬಿಟ್ಟರು. ಪಕ್ಕದವಳು ‘ರಾತ್ರಿ ಹೊರಗ ಹೋಗೋದು’ ಅಂದದ್ದನ್ನು ಚರಗಿ ಹಿಡಿದು ಬಯಲಕಡಿಗೆ ಹೋಗುವುದು ಅಂತ ತಿಳಿದು, ಈಗ ಮನೆಯಲ್ಲೇ ಪಾಯಖಾನೆ ಐತಿ ಅಂದಳು. ಅದಕ್ಕೂ ‘ಹೌದು’. ಎರಡು ‘ಹೌದು’ ಬಂದವು. ಆ ಊರಿನ ರಾತ್ರಿಯ ಬಗ್ಗೆ ಎರಡರಲ್ಲೂ ಏನೂ ಇಲ್ಲ.

ಹಾಗಾಗಿ ಪದ ಬದಲಿಸಿ ನೋಡಿದೆ. ‘ಅಂಜಿಕಿ ಬರತೈತೇನು?’ ಅಂತ ಕೇಳಿದೆ. ನಮ್ಮ ಕಡೆ ಅಂಜುವುದು ಬರೀ ಹೆದರುವುದಲ್ಲ ಅನ್ನುವುದು ಆಗ ಚೆನ್ನಾಗಿ ಕಂಡಿತು. ಸೊಸೆ ಅತ್ತೆಗೆ ಅಂಜುತ್ತಾಳೆ, ಮಂದಿಗೆ ಅಂಜಿ ನಡೆಯುತ್ತಾಳೆ. ‘ಅಂಜಿ ಅಳುಕಿ ಇರಾಕಿ’ ಅಂದರೆ ಹೊಗಳಿಕೆ. ‘ಅಂಜಿಕಿ ಇಲ್ಲದಾಕಿ’ ಅಂದರೆ ಬೈಗುಳ. ನಾಲ್ಕು ಮಂದಿಯ ಎದುರು ‘ನನಗ ಅಂಜಿಕಿ ಇಲ್ಲ’ ಅನ್ನಲು ಯಾರು ಬಾಯಿ ತೆರೆದಾರು? ‘ಹೆದರಿಕೆ’ಯಲ್ಲಿ ಈ ಮರ್ಯಾದೆಯ ಛಾಯೆ ಕಡಿಮೆ, ಆದರೆ ಅದಕ್ಕೆ ಹಾವು, ನಾಯಿ, ದೆವ್ವ ಎಲ್ಲ ಬಂದು ಸೇರುತ್ತವೆ. ‘ಒಬ್ರ ಹೋಗಾಕ ಧೈರ್ಯ ಐತೇನು?’ ಅಂದರೆ ಪ್ರಶ್ನೆ ರಸ್ತೆಯನ್ನು ಬಿಟ್ಟು ಅವಳ ಗುಂಡಿಗೆಗೆ ಹೋಗಿ ನಿಲ್ಲುತ್ತದೆ.

ನನ್ನನ್ನು ಕಾಡುತ್ತಿರುವುದು ಇದೇ. ನಮ್ಮ ಮಾತಿನಲ್ಲಿ ಸಲೀಸಾಗಿ ಬರುವ ಪದಗಳೆಲ್ಲ, ಅಂಜಿಕಿ, ಧೈರ್ಯ, ಜ್ವಾಕಿ (ಜೋಕೆ, ಎಚ್ಚರ), ಎಲ್ಲವೂ ಹೆಣ್ಣಿನ ಮೈಮೇಲೆ ಕೂರುತ್ತವೆ. ‘ಜ್ವಾಕಿಲೆ ಹೋಗಿ ಬಾರವ್ವಾ’ ಅಂತ ಮಗಳನ್ನು ಕಳಿಸುತ್ತೇವೆ. ಜ್ವಾಕಿ ಅವಳ ಕೆಲಸ. ಹಾದಿಯೇ ಹೇಗಿದೆ, ಊರೇ ಹೇಗಿದೆ ಅಂತ ಕೇಳುವ ಪದ ಪುಸ್ತಕದ ‘ಸುರಕ್ಷಿತ’ ಒಂದೇ. ಗ್ಯಾಸ್ ಸಿಲಿಂಡರಿನ ಮೇಲೂ ಚುಚ್ಚುಮದ್ದಿನ ಜಾಹೀರಾತಿನಲ್ಲೂ ಓದಿ ಓದಿ ಅದು ನಮ್ಮವರಿಗೆ ಸರ್ಕಾರಿ ಪದವಾಗಿದೆ. ‘ಭದ್ರತೆ’ ಅಂದರೆ ಪೊಲೀಸ್ ಬಂದೋಬಸ್ತು. ‘ಹಾದಿ ಚಲೋ ಐತೇನು’ ಅಂದರೆ ತಗ್ಗುದಿನ್ನೆಯ ಮಾತು ಶುರುವಾಗುತ್ತದೆ. ತೊರವಿಯ ಮಹಿಳಾ ವಿಶ್ವವಿದ್ಯಾಲಯದಿಂದ ಸಂಜೆ ಬಸ್ಸಿಗೆ ಬರುವ ಹುಡುಗಿಯರು ‘ಸೇಫ್ ಅನಸಂಗಿಲ್ರಿ’ ಅಂತ ಥಟ್ಟನೆ ಹೇಳುತ್ತಾರೆ, ಅವರಿಗೆ ಆ ಪದ ತಮ್ಮದೇ. ಅವರ ಅವ್ವಂದಿರಿಗೆ ಅಲ್ಲ.

ಹಿಂಸೆಯ ವಿಷಯದಲ್ಲಿ ಈ ತೊಡಕನ್ನು ಸಮೀಕ್ಷೆಯವರು ಎಂದೋ ಬಿಡಿಸಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ‘ನಿಮ್ಮ ಮೇಲೆ ದೌರ್ಜನ್ಯ ಆಗಿದೆಯೇ’ ಅಂತ ಕೇಳಿ ಬಿಡುವುದಿಲ್ಲ. ಗಂಡ ಕಪಾಳಕ್ಕೆ ಹೊಡೆದಿದ್ದಾನಾ, ದಬ್ಬಿದ್ದಾನಾ, ಕೈ ತಿರುವಿದ್ದಾನಾ, ಕೂದಲು ಹಿಡಿದು ಎಳೆದಿದ್ದಾನಾ, ಒದ್ದಿದ್ದಾನಾ ಅಂತ ಒಂದೊಂದನ್ನೇ ಕೇಳುತ್ತಾರೆ. ಒಂದು ಮನೆಯಲ್ಲಿ ಒಬ್ಬಳನ್ನೇ, ಬೇರೆ ಯಾರೂ ಇಲ್ಲದಾಗ. ‘ದೌರ್ಜನ್ಯ ಏನಿಲ್ರಿ, ಬಡದಾನ ಖರೆ’ ಅನ್ನುವ ನಮ್ಮ ಹೆಣ್ಮಕ್ಕಳ ಮಾತು ಕೇಳಿದವರಿಗೆ ಈ ದಾರಿಯ ಬೆಲೆ ಗೊತ್ತು. ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಕಂಡ 18ರಿಂದ 49 ವರ್ಷದ ಹೆಣ್ಣುಮಕ್ಕಳ ಪ್ರಮಾಣ 2015-16ರ ಸುತ್ತಿನಲ್ಲಿ ಶೇ. 20.6, 2019-21ರ ಸುತ್ತಿನಲ್ಲಿ ಶೇ. 44.4. ಹೊಡೆತವೇ ಅಷ್ಟು ಹೆಚ್ಚಿತೋ, ಹೇಳುವ ಬಾಯಿ ಹೆಚ್ಚಿದವೋ, ಎರಡೂ ಸೇರಿವೆಯೋ, ಅಂಕಿಯೊಂದೇ ನೋಡಿದರೆ ತಿಳಿಯದು. ಆದರೂ ಕೇಳಿದ ಪದಗಳು ಬಡಿತದ ಪದಗಳೇ ಆಗಿರದಿದ್ದರೆ ಆ 44.4 ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ ಅಂತ ನನಗನಿಸುತ್ತದೆ.

ಇದೇ ಜಾಡಿನಲ್ಲಿ ಇನ್ನೆರಡು ಪದ. ‘ಲಿಂಗ ಅಂತರ ಸೂಚ್ಯಂಕ’ ಅನ್ನುವ ಅನುವಾದ ಪತ್ರಿಕೆಗಳಲ್ಲಿ ನೆಲೆಯೂರಿದೆ. ವಿಶ್ವ ಆರ್ಥಿಕ ವೇದಿಕೆ 2006ರಿಂದ ಕೊಡುವ ಈ ಅಂಕ 1ಕ್ಕೆ ಹತ್ತಿರವಾದಷ್ಟೂ ಅಂತರ ಕಡಿಮೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಲಿಂಗ ಅಸಮಾನತೆ ಸೂಚ್ಯಂಕ’ದಲ್ಲಿ 1ಕ್ಕೆ ಹತ್ತಿರವಾದಷ್ಟೂ ಕೇಡು. ಹೆಸರು ಓದಿದವರಿಗೆ ಎರಡೂ ಒಂದೇ ದಿಕ್ಕಿಗೆ ಹೋಗುವಂತೆ ಕಾಣುತ್ತವೆ. ಮೊದಲನೆಯದನ್ನು ‘ಸಮಾನತೆಯ ಅಂಕ’ ಅಂದುಬಿಟ್ಟರೆ ತಪ್ಪೇ? ಹಾಗೆಯೇ ‘ಕುಸಿತ’. ವಿಶ್ವ ಆರ್ಥಿಕ ವೇದಿಕೆಯ ಪಟ್ಟಿಯಲ್ಲಿ 2024ರಲ್ಲಿ ಭಾರತ 146 ದೇಶಗಳಲ್ಲಿ 129ನೆಯದು, 2025ರಲ್ಲಿ 148ರಲ್ಲಿ 131ನೆಯದು. ಸ್ಥಾನ ಇಳಿದದ್ದು ಹೌದು. ಅದೇ ವರ್ಷ ಭಾರತದ ಅಂಕ ತುಸು ಏರಿತ್ತು. ಇದಕ್ಕೆ ‘ಕುಸಿತ’ ಅನ್ನುವುದಕ್ಕಿಂತ ‘ಹಿಂದೆ ಬಿತ್ತು’ ಅನ್ನುವುದು ಸರಿಯಾದ ಕನ್ನಡ. ಎಲ್ಲರೂ ನಡೆಯುತ್ತಿರುವಾಗ ನಿಧಾನ ನಡೆದವರು ಹಿಂದೆ ಬೀಳುತ್ತಾರೆ.

‘ಲಿಂಗ ಸಮಾನತೆ’ಯನ್ನಂತೂ ನಾನು ಊರುಗಳಲ್ಲಿ ಬಿಟ್ಟಿದ್ದೇನೆ. ಬಸವನ ಬಾಗೇವಾಡಿ ಕಡೆ ಆ ಮಾತು ಬಂದಾಗ ಒಬ್ಬ ಅಜ್ಜಿ ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿ ನೋಡಿಕೊಂಡಳು. ‘ಹೆಣ್ಣು ಗಂಡು ಸರಿಸಮ’ ಅಂದರೆ ಸಾಕಾಗುತ್ತದೆ.

ಈಗ ಮುಖ್ಯ ಪ್ರಶ್ನೆ. ಮೊನ್ನೆ ಒಬ್ಬಾಕೆಯ ಬಾಯಿಂದ ತಾನಾಗಿಯೇ ಒಂದು ಪದ ಬಂತು: “ಹಗಲಾದ್ರ ನಿವಾಂತ ಹೋಗಿ ಬರತೀನ್ರಿ.” ನಿವಾಂತ. ಮರಾಠಿಯಿಂದ ಬಂದು ನಮ್ಮಲ್ಲಿ ಬೇರೂರಿದ ಪದ. ‘ನಿವಾಂತ ಕುಂತು ಉಣ್ಣು’ ಅನ್ನುತ್ತೇವೆ, ‘ಮನಿ ನಿವಾಂತ ಐತಿ’ ಅಂತಲೂ ಅನ್ನುತ್ತೇವೆ. ಅಂದರೆ ಅದು ಮನುಷ್ಯರ ನೆಮ್ಮದಿಗೂ ಜಾಗದ ನೆಮ್ಮದಿಗೂ ಸಲ್ಲುತ್ತದೆ, ‘ಅಂಜಿಕಿ’ಯ ಹಾಗೆ ಮರ್ಯಾದೆಯನ್ನು ಪಣಕ್ಕಿಡುವುದಿಲ್ಲ. ಸದ್ಯಕ್ಕೆ ನಾನು ಮಾಡಿಕೊಂಡ ಕರಡು: ‘ಕತ್ತಲಾದ ಮ್ಯಾಲ ಏನರ ಕೆಲಸ ಬಿದ್ದು ಊರಾಗ ಒಬ್ರ ನಡಕೊಂಡು ಹೋಗಬೇಕಾದ್ರ, ನಿವಾಂತ ಹೋಗಿ ಬರಾಕ ಆಗತೈತೇನ್ರಿ?’ ‘ಕೆಲಸ ಬಿದ್ದು’ ಅಂತ ಸೇರಿಸಿದ್ದು, ‘ನಾ ಯಾಕ ಹೋಗ್ಲಿ’ ಅನ್ನುವಲ್ಲಿಗೇ ಉತ್ತರ ನಿಂತುಬಿಡದಿರಲಿ ಅಂತ. ಹಾಗೆ ಸೇರಿಸಿದರೆ ಮೂಲ ಪ್ರಶ್ನೆಯಿಂದ ದೂರ ಸರಿದಂತಾಗುವುದೇ ಅನ್ನುವ ಅನುಮಾನವೂ ಇದೆ.

ಬೆಳಗಾವಿ, ಅಥಣಿ, ಜಮಖಂಡಿ ಕಡೆಯವರು ಹೇಳಬೇಕು: ರಾತ್ರಿಯ ಹಾದಿಗೆ ‘ನಿವಾಂತ’ ಅನ್ನುತ್ತೀರಾ, ಇಲ್ಲ ಅದು ನಿಮಗೆ ಬರೀ ಬಿಡುವು, ಆರಾಮದ ಪದವೇ? ಹುನಗುಂದ, ಇಳಕಲ್ಲ ಕಡೆ ಬೇರೆ ಪದ ಇದ್ದರೆ ಅದನ್ನೂ ಬರೆಯಿರಿ, ಅವ್ವನೋ ಅಜ್ಜಿಯೋ ಯಾವ ಹೊತ್ತಿನಲ್ಲಿ ಅಂದದ್ದು ಅನ್ನುವ ಸಮೇತ. ಇಂಡಿ ಕಡೆಯ ಮುಂದಿನ ಸಭೆ ಸೋಮವಾರ. ಅಂದು ಎತ್ತು ಹೂಡುವುದಿಲ್ಲವಾದ್ದರಿಂದ ಹೆಣ್ಮಕ್ಕಳು ಸಿಗುತ್ತಾರೆ. ಅದರೊಳಗೆ ಬಂದ ಪದಗಳನ್ನೆಲ್ಲ ಅದೇ ಗುಡಿಕಟ್ಟೆಯ ಮೇಲೆ ಕೇಳಿ ನೋಡುತ್ತೇನೆ.