ಬೀದಿದೀಪದ ಕಂಬಕ್ಕೆ ಸ್ಮಾಲ್ ಸೆಲ್: ಶಿವಮೊಗ್ಗದ ಪೇಟೆಗೆ ಇದರಿಂದ ಉಪಯೋಗವಿದೆಯೇ?

ಪ್ರಶ್ನೆ – ದುರ್ಗಿಗುಡಿಯ ಅಂಗಡಿಯವರು
ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನಮ್ಮದೊಂದು ಔಷಧಿ ಅಂಗಡಿಯಿದೆ. ಸಂಜೆಯ ಹೊತ್ತು ಮೊಬೈಲಿನಲ್ಲಿ ಸಿಗ್ನಲ್ ಪೂರ್ತಿ ಕಾಣಿಸಿದರೂ ಹಣ ಪಾವತಿ ಸುತ್ತುತ್ತಲೇ ಇರುತ್ತದೆ. ಮೊನ್ನೆ ವಯಸ್ಸಾದ ತಾಯಿಯೊಬ್ಬರು ಇನ್ಸುಲಿನ್ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಹತ್ತು ನಿಮಿಷ ನಿಂತೇ ಇದ್ದರು. ಕಂಬಗಳಿಗೆ ಸ್ಮಾಲ್ ಸೆಲ್, ಅಂದರೆ ಪುಟ್ಟ ಮೊಬೈಲ್ ಟವರಿನಂತೆ ಕೆಲಸ ಮಾಡುವ ಪೆಟ್ಟಿಗೆ, ಅಳವಡಿಸಿದರೆ ಇದು ಸರಿಹೋಗುತ್ತದೆಯೇ? ಕಿಟಕಿಯ ಪಕ್ಕದಲ್ಲೇ ವಿಕಿರಣ ಬರುತ್ತದಲ್ಲ ಎಂದು ಮಹಡಿಯ ಮನೆಯವರು ಆತಂಕಪಡುತ್ತಿದ್ದಾರೆ.

ಉತ್ತರ 1 – ನಿವೃತ್ತ ದೂರಸಂಪರ್ಕ ಎಂಜಿನಿಯರ್
ನಿಮ್ಮಲ್ಲಿ ಸಿಗ್ನಲ್‌ಗೆ ಕೊರತೆಯಿಲ್ಲ, ಸಾಮರ್ಥ್ಯಕ್ಕೆ ಕೊರತೆಯಿರುವಂತಿದೆ. ಗಾಂಧಿ ಬಜಾರ್, ನೆಹರೂ ರಸ್ತೆಗಳ ಸಂಜೆಯ ಜನಸಂದಣಿಯೆಲ್ಲ ಕೆಲವೇ ಟವರ್‌ಗಳನ್ನು ಹಂಚಿಕೊಂಡಾಗ ಪ್ರತಿಯೊಬ್ಬರ ಪಾಲಿಗೆ ಬರುವುದು ಅತ್ಯಲ್ಪ. ಸ್ಮಾಲ್ ಸೆಲ್ ಕೆಲವು ಹತ್ತು ಮೀಟರ್‌ಗಳಿಂದ ಕೆಲವು ನೂರು ಮೀಟರ್‌ಗಳವರೆಗಿನ ಬೀದಿಯನ್ನಷ್ಟೇ ನೋಡಿಕೊಂಡು ಆ ಹೊರೆಯನ್ನು ಟವರಿನಿಂದ ಇಳಿಸುತ್ತದೆ. ಆದರೆ ಪೆಟ್ಟಿಗೆ ನೇತುಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು: ಕಂಬದ ಬುಡಕ್ಕೆ ಇಂಟರ್ನೆಟ್ ತರುವ ಫೈಬರ್ ಕೇಬಲ್ ಬರಬೇಕು, ಎಡೆಬಿಡದೆ ವಿದ್ಯುತ್ ಸಿಗಬೇಕು. ನಾನು ಕೆಲಸದಲ್ಲಿದ್ದಾಗ, ಫೈಬರ್ ಎಳೆಯಲು ರಸ್ತೆ ಅಗೆಯುವ ಅನುಮತಿ ಸಿಗದೆ ಉಪಕರಣಗಳು ತಿಂಗಳುಗಟ್ಟಲೆ ಗೋದಾಮಿನಲ್ಲೇ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ವಿಕಿರಣದ ವಿಷಯ. ಇದರ ಪ್ರಸಾರ ಶಕ್ತಿ ದೊಡ್ಡ ಟವರಿನದಕ್ಕಿಂತ ಬಹಳ ಕಡಿಮೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಟವರ್ ವಿಕಿರಣಕ್ಕೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವೇ ನಮ್ಮ ಮಿತಿ. ಸ್ಮಾಲ್ ಸೆಲ್ ಹತ್ತಿರವಿದ್ದರೆ ನಿಮ್ಮ ಮೊಬೈಲ್ ಕೂಡ ಕಡಿಮೆ ಶಕ್ತಿಯಲ್ಲೇ ಮಾತನಾಡುತ್ತದೆ, ಮತ್ತು ಕಿವಿಗೆ ಒತ್ತಿಕೊಳ್ಳುವುದು ಮೊಬೈಲನ್ನೇ ಅಲ್ಲವೇ? ಇದನ್ನು ಮನೆಯವರಿಗೆ ಸಮಾಧಾನದಿಂದ ವಿವರಿಸಿ.

ಉತ್ತರ 2 – ವಿನೋಬನಗರದ ವಕೀಲರು
ಹಣ ಇಲ್ಲಿ ದೊಡ್ಡ ಅಡ್ಡಿಯಲ್ಲ. 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಮಾರ್ಗಹಕ್ಕು ನಿಯಮಗಳು (ಕೇಬಲ್ ಎಳೆಯಲು, ಕಂಬ ಬಳಸಲು ಅನುಮತಿ ಕೊಡುವ ಕುರಿತ ನಿಯಮಗಳು) ಸ್ಮಾಲ್ ಸೆಲ್ ಅಳವಡಿಸುವ ಬೀದಿಕಂಬದಂಥ ಸೌಕರ್ಯಕ್ಕೆ ವರ್ಷಕ್ಕೆ ನಗರದಲ್ಲಿ 300 ರೂಪಾಯಿ, ಗ್ರಾಮಾಂತರದಲ್ಲಿ 150 ರೂಪಾಯಿ ಎಂದು ಗೊತ್ತುಪಡಿಸಿದ್ದವು. ಈಗ 2023ರ ದೂರಸಂಪರ್ಕ ಕಾಯ್ದೆಯಡಿ ರೂಪಿಸಿದ ಹೊಸ ಮಾರ್ಗಹಕ್ಕು ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ತೊಡಕಿರುವುದು ಕಂಬ ಯಾರದು ಎಂಬಲ್ಲಿ. ಒಂದೇ ಬೀದಿಯಲ್ಲಿ ಒಂದು ಕಂಬ ವಿದ್ಯುತ್ ಕಂಪನಿ ಮೆಸ್ಕಾಂನದು, ಮತ್ತೊಂದು ಪಾಲಿಕೆಯದು. ಒಂದೇ ಕಡೆ ಅರ್ಜಿ ಕೊಟ್ಟರೆ ಎಲ್ಲ ಕಂಬಗಳಿಗೂ ಅನ್ವಯಿಸುವ ವ್ಯವಸ್ಥೆಯನ್ನು ನಾವು ನಾಗರಿಕರೇ ಕೇಳಬೇಕು.

ಉತ್ತರ 3 – ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು
ಪೇಟೆಗೆ ಒಪ್ಪುವ ಈ ಉಪಾಯವನ್ನೇ ನಮ್ಮ ಗುಡ್ಡದ ಮನೆಗಳಿಗೂ ತರುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ, ಕಾಡು ಇರುವಲ್ಲಿ ದೂರ ಸಾಗುವ 700 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದ ಟವರೇ ಬೇಕು. ಕಳೆದ ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಹೋದಾಗ ನಮ್ಮೂರಿನ ಟವರಿನ ಬ್ಯಾಟರಿ ಅರ್ಧ ದಿನವೂ ಉಳಿಯಲಿಲ್ಲ. ಜ್ವರದ ಮಗುವನ್ನು ಕರೆದೊಯ್ಯಲು ಜೀಪಿಗೆ ಫೋನ್ ಮಾಡಬೇಕೆಂದು ಕೊಡೆ ಹಿಡಿದು ಗುಡ್ಡ ಹತ್ತಿದೆ. ಪೇಟೆಯ ಕಂಬದ ಪೆಟ್ಟಿಗೆಗೂ ಬ್ಯಾಟರಿ ಎಷ್ಟು ಗಂಟೆಯದೆಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ಬೀದಿಯ ವರ್ತಕರೆಲ್ಲ ಸೇರಿ ಪಾಲಿಕೆಗೆ ಕೊಡಲಿರುವ ಮನವಿಯಲ್ಲಿ ಕಂಬದ ಪಟ್ಟಿಯ ಜೊತೆಗೆ ಫೈಬರ್ ಮತ್ತು ಬ್ಯಾಟರಿಯ ಬಗ್ಗೆಯೂ ಬರೆಯುತ್ತಿದ್ದೇವೆ.