ಮನೆ ಮುಂದೆ ಹರಡಲು ಎರಡು ಯೂನಿಟ್ ಜಲ್ಲಿ ಬೇಕಾ?

ವಿದ್ಯಾನಗರ ಹೊಸಮನೆ: ದಾವಣಗೆರೆಯಲ್ಲಿ ಮನೆ ಕಟ್ಟಿ ಮುಗಿಸಿದ್ದೇವೆ. ಮುಂದೆ 30 ಅಡಿ ಉದ್ದ, 10 ಅಡಿ ಅಗಲ ಜಾಗ ಇದೆ. ಮಳೆ ಬಂದರೆ ಎರೆಮಣ್ಣು ಚಪ್ಪಲಿ ಬಿಡುವುದಿಲ್ಲ. ಅದಕ್ಕೇ 20 ಎಂಎಂ ಜಲ್ಲಿ ಹರಡೋಣ ಅಂತ. ಜಲ್ಲಿ ಕೊಡುವವರು ಎರಡು ಯೂನಿಟ್ ಬೇಕು ಅನ್ನುತ್ತಾರೆ, ಮೇಸ್ತ್ರಿ ಒಂದು ಲೋಡ್ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಟೇಪು ಹಿಡಿದವ: ಇಬ್ಬರದೂ ಬೇಡ, ಗುಣಿಸಿ ನೋಡಿ. 300 ಚದರ ಅಡಿ. ದಪ್ಪ 3 ಇಂಚು ಅಂದರೆ ಕಾಲು ಅಡಿ. 75 ಘನ ಅಡಿ ಆಯಿತು. ಒಂದು ಯೂನಿಟ್ ಅಂದರೆ 100 ಘನ ಅಡಿ, ಬ್ರಾಸ್ ಅಂದರೂ ಅಷ್ಟೇ. ಎರಡು ಯೂನಿಟ್ ಹರಡಿದರೆ 8 ಇಂಚು ಏಳುತ್ತದೆ. ಹೊಳೆ ಮರಳಲ್ಲಿ ಕಾಲು ಹೂತ ಹಾಗೆ ನಡೆಯಬೇಕು ಆಮೇಲೆ.

ದುರ್ಗದ ಕಡೆಯವ: 3 ಇಂಚಾದರೂ ಯಾಕೆ ಸಾರ್? ಚಿತ್ರದುರ್ಗದ ನಮ್ಮ ಮನೆಗೆ 12 ಎಂಎಂ ಜಲ್ಲಿ 2 ಇಂಚು ಹಾಕಿದ್ದೇವೆ. ಎಲ್ಲೂ ನೆಲ ಕಾಣುವುದಿಲ್ಲ. ಜಾಸ್ತಿ ಹಾಕಿದರೆ ಸುಮ್ನೆ ದುಡ್ಡು ದಂಡ.

ಟೇಪು ಹಿಡಿದವ: ಕಲ್ಲಿನ ಸೈಜಿನ ಮೂರು ಪಟ್ಟು ದಪ್ಪ ಇಟ್ಟರೆ ನೆಲ ಮುಚ್ಚುತ್ತದೆ. 12 ಎಂಎಂಗೆ ನಿಮ್ಮ 2 ಇಂಚು ಧಾರಾಳ. 20 ಎಂಎಂಗೆ ಹತ್ತಿರ ಹತ್ತಿರ ಎರಡೂವರೆ ಬೇಕು. ಅದೂ ಅಲ್ಲದೆ ನಿಮ್ಮದು ಗರಸು ನೆಲ ಇರಬೇಕು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು. ಇವರದು ಎರೆ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಜಲ್ಲಿ ಬಿರುಕಿಗೆ ಇಳಿಯುತ್ತದೆ, ಕೆಸರು ಮೇಲೆ ಬರುತ್ತದೆ. ಬರೀ ಜಲ್ಲಿ ಸುರಿದರೆ ಒಂದಷ್ಟು ನುಂಗುತ್ತದೆ, ಅದಕ್ಕೇ 3 ಇಂಚು ಹಿಡಿದಿದ್ದು.

ಅಂಗಳದ ಅಕ್ಕ: 30 ಗುಣಿಸು 10 ಅಂದುಬಿಟ್ಟಿರಿ. ರಂಗೋಲಿ ಎಲ್ಲಿ ಹಾಕೋದು, ಜಲ್ಲಿ ಮೇಲಾ? ಬಾಗಿಲ ಮುಂದೆ 6 ಅಡಿ, 4 ಅಡಿ ಬಿಡಿ. ಗಿಡ ಇದ್ದರೆ ಪಾತಿಗೂ ಬಿಡಿ. ಈ ಲೆಕ್ಕ ಯಾವ ಮೇಸ್ತ್ರಿಗೂ ಹೊಳೆಯುವುದಿಲ್ಲ.

ವಿದ್ಯಾನಗರ ಹೊಸಮನೆ: ನಿಜ ಅಕ್ಕ. ಎರಡು ತೆಂಗಿನ ಸಸಿ ಇವೆ, 4 ಅಡಿ ಚೌಕದ ಪಾತಿ. ಇನ್ನೊಂದು ವಿಷಯ, ಕಾರೂ ಅಲ್ಲೇ ನಿಲ್ಲಬೇಕು.

ಟೇಪು ಹಿಡಿದವ: ಇದನ್ನು ಮೊದಲೇ ಹೇಳಬೇಕಿತ್ತು! ಪಾತಿ 32, ರಂಗೋಲಿ 24 ಕಳೆದರೆ 244 ಚದರ ಅಡಿ. 3 ಇಂಚಿಗೆ 61 ಘನ ಅಡಿ. ಕೂತುಕೊಳ್ಳುವುದು, ಚೆಲ್ಲುವುದು ಅಂತ 10 ಪರ್ಸೆಂಟ್ ಸೇರಿಸಿ, 67. ಕಾರು ನಿಲ್ಲುವ ಜಾಗ 16 ಗುಣಿಸು 10 ಅಂತ ಇಟ್ಟುಕೊಂಡರೆ ಅಲ್ಲಿ ಕೆಳಗೆ 4 ಇಂಚು ಗರಸು ಹಾಕಿ, ನೀರು ಹೊಡೆದು ದಮ್ಮಸ್ಸು ಮಾಡಿಸಿ. ಅದು 53 ಘನ ಅಡಿ. ಆದರೆ ಗರಸು ಬಡಿದಷ್ಟೂ ಕುಗ್ಗುತ್ತದೆ, ಕಾಲು ಭಾಗ ಜಾಸ್ತಿ ತರಿಸಿ.

ದುರ್ಗದ ಕಡೆಯವ: ಗರಸು ಹಾಕಿದ ಮೇಲೆ ಅಷ್ಟು ಜಾಗಕ್ಕೆ ಜಲ್ಲಿ 2 ಇಂಚು ಸಾಕಲ್ವಾ? ಈಗ ಅದೂ ಗಟ್ಟಿ ನೆಲವೇ.

ಟೇಪು ಹಿಡಿದವ: ಆಗಬಹುದು, 12 ಎಂಎಂ ತರಿಸಿದರೆ. 20 ಆದರೆ ಎರಡೂವರೆಗಿಂತ ಕೆಳಗೆ ಬೇಡ, ಚಕ್ರ ತಿರುಗಿದ ಕಡೆ ಗರಸು ಕಾಣಿಸುತ್ತದೆ.

ಟ್ರ್ಯಾಕ್ಟರ್ ಮಾಲೀಕ: ಲೆಕ್ಕ ಸರಿ, ಆದರೆ ಲೋಡ್ ಅನ್ನುವುದು ಅಳತೆಯೇ ಅಲ್ಲ. ಟ್ರೇಲರ್ ಒಳಗೆ ಟೇಪು ಹಿಡಿಯಿರಿ. 10 ಅಡಿ ಉದ್ದ, 6 ಅಡಿ ಅಗಲ, ಹಲಗೆ ಒಂದೂವರೆ ಅಡಿ ಇದ್ದರೆ 90 ಘನ ಅಡಿ, ಅದೂ ಹಲಗೆ ಮಟ್ಟಕ್ಕೆ ಇದ್ದರೆ. ನಡುವೆ ಗುಡ್ಡೆ ಎದ್ದಿರುತ್ತದೆ, ನಾಲ್ಕು ಮೂಲೆ ಖಾಲಿ. ಸುರಿಯುವ ಮೊದಲು ಸಲಿಕೆಯಲ್ಲಿ ಮೂಲೆಗೆ ಎಳೆಸಿ ನೋಡಿ. ನಮ್ಮವರಿಗೆ ಬೇಜಾರಾಗುತ್ತದೆ, ಆಗಲಿ ಬಿಡಿ.

ಅಂಗಳದ ಅಕ್ಕ: ತೂಕದಲ್ಲಿ ಕೊಟ್ಟರೆ?

ಟ್ರ್ಯಾಕ್ಟರ್ ಮಾಲೀಕ: ಯೂನಿಟ್‌ಗೆ ಸುಮಾರು ನಾಲ್ಕು ಕಾಲು ಟನ್ ಅಂತ ಹಿಡಿಯಿರಿ. ಇವರ 67 ಘನ ಅಡಿಗೆ ಮೂರು ಟನ್ ಒಳಗೇ. ವೇಬ್ರಿಡ್ಜ್ ಚೀಟಿ ಕೇಳಿ. ಜಲ್ಲಿ ಒದ್ದೆ ಇದ್ದರೆ ನೀರಿಗೂ ದುಡ್ಡು ಕೊಟ್ಟ ಹಾಗೆ. ಒಂದೇ ಕಂತಿನಲ್ಲಿ ಮುಗಿಸಿ. ಆಮೇಲೆ ಹತ್ತು ಪುಟ್ಟಿಗೆ ಅಂತ ಕರೆದರೆ ಬಾಡಿಗೆ ಮಾತ್ರ ಪೂರ್ತಿ.

ವಿದ್ಯಾನಗರ ಹೊಸಮನೆ: ಹಾಗಾದರೆ ಜಲ್ಲಿ ಮುಕ್ಕಾಲು ಯೂನಿಟ್, ಗರಸೂ ಅಷ್ಟೇ. ಸರಿ ತಾನೇ?

ಟೇಪು ಹಿಡಿದವ: ಸರಿ. ಕಾರು ನಿಲ್ಲುವ ಕಡೆ ಗರಸು 4, ಜಲ್ಲಿ 3, ಒಟ್ಟು 7 ಇಂಚು. ನಿಮ್ಮ ಗೇಟ್ ಒಳಗೆ ತೆರೆಯುತ್ತಾ, ಹೊರಗಾ? ಒಳಗಾದರೆ ಮೊದಲು ಮಣ್ಣು ತೆಗೆಸಿ, ಇಲ್ಲದಿದ್ದರೆ ಗೇಟ್ ತಿರುಗುವುದಿಲ್ಲ.